ಧಣಿ ಕೂತಾಗ ಮಾತ್ರ ಬರುವ ಸದ್ದು

ಕೆಟ್ಟ ಕಾರು ಗ್ಯಾರೇಜಿನ ಗೇಟು ದಾಟಿದ ಕೂಡಲೇ ಒಳ್ಳೆಯದಾಗಿಬಿಡುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ದಾರಿಯುದ್ದಕ್ಕೂ ಕಟಕಟ ಎನ್ನುತ್ತಿತ್ತು ಎಂದು ಗಿರಾಕಿ ದೂರು ಹೇಳುತ್ತಾನೆ. ನೀವು ಹತ್ತಿ ಒಂದು ಸುತ್ತು ಹೋಗಿ ಬರುತ್ತೀರಿ, ಏನೂ ಕೇಳುವುದಿಲ್ಲ. ಗಿರಾಕಿ ಸುಳ್ಳು ಹೇಳಿ ಸಿಕ್ಕಿಬಿದ್ದವನಂತೆ ತಲೆ ಕೆರೆಯುತ್ತಾನೆ. ಆಗ ಅವನನ್ನು ನೋಡಿ ನಗಬೇಡಿ. ಯಾಕೆ ನಗಬಾರದು ಎಂಬುದನ್ನು ಹೇಳಲಿಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಕಾಪುವಿನವನು. ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯ ಅಂಬಲಪಾಡಿಯ ಒಂದು ಗ್ಯಾರೇಜಿಗೆ ಕೆಲಸಕ್ಕೆ ಸೇರಿದೆ. ಹಂಚಿನ ಮಾಡಿನ ಒಂದು ಶೆಡ್ಡು, ಕಾರಿನ ಅಡಿಗೆ ಇಳಿದು ನೋಡಲು ಕಲ್ಲು ಕಟ್ಟಿದ ಒಂದು ಗುಂಡಿ, ಅಂಗಳದಲ್ಲಿ ಎರಡು ತೆಂಗಿನಮರ. ಅಷ್ಟೇ ಗ್ಯಾರೇಜು. ಯಜಮಾನರು ಫೆಲಿಕ್ಸ್ ಪೊರ್ಬುಗಳು. ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳು ಎಂದೇ ಕರೆಯುವುದು. ಅವರು ಮಾತು ಕಡಿಮೆಯ ಮನುಷ್ಯ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರೆ ಯಾರೂ ಕೆಮ್ಮುವ ಹಾಗಿರಲಿಲ್ಲ. ಅವರು ಬೈದದ್ದು ನನಗೆ ನೆನಪಿಲ್ಲ. ಕೆಲಸ ಕೆಡಿಸಿದರೆ ಕೈ ತೊಳೆದುಕೊಂಡು, ನಮ್ಮನ್ನು ಕರೆಯದೆ ಒಬ್ಬರೇ ಚಹಾ ಕುಡಿಯಲು ಹೋಗುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಆಗ ನಮ್ಮ ರಸ್ತೆಗಳಲ್ಲಿ ಇದ್ದದ್ದು ಹೆಚ್ಚಾಗಿ ಎರಡೇ ಜಾತಿಯ ಕಾರು. ಅಂಬಾಸಿಡರ್ ಒಂದು, ಪದ್ಮಿನಿ ಇನ್ನೊಂದು. ಪದ್ಮಿನಿಯ ಮುಂದಿನ ಎರಡು ಚಕ್ರಗಳ ಬಳಿ ಒಂದೊಂದು ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಹೆಬ್ಬೆರಳು ದಪ್ಪದ ಉಕ್ಕಿನ ಸುರುಳಿ. ಕಾರಿನ ಮುಂಭಾಗದ ಭಾರವನ್ನೆಲ್ಲ ಹೊತ್ತು, ಹೊಂಡ ಬಂದಾಗ ಕುಗ್ಗಿ, ದಾಟಿದಾಗ ಹಿಗ್ಗಿ, ಒಳಗೆ ಕೂತವರ ಬೆನ್ನು ಉಳಿಸುವುದು ಅದೇ. ಕೂತಲ್ಲಿ ಕೂತಿರುವಷ್ಟು ಹೊತ್ತು ಅದು ಸಾಧು. ಬಿಚ್ಚುವಾಗ ಮಾತ್ರ ಹುಲಿ. ಒಳಗೆ ಅದುಮಿಕೊಂಡಿರುವ ಬಲ ಒಮ್ಮೆಲೇ ಹೊರಗೆ ಬಂದರೆ ಎದುರಿಗಿದ್ದವರು ಉಳಿಯುವುದಿಲ್ಲ.

ನಾನು ಸೇರಿದ ಹೊಸದರಲ್ಲಿ ಅದನ್ನು ಬಿಚ್ಚುತ್ತಿದ್ದ ಕ್ರಮ ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿಗೆ ಒಂದು ಜ್ಯಾಕ್ ಕೊಟ್ಟು, ಬೋಲ್ಟು ಬಿಚ್ಚಿ, ಜ್ಯಾಕನ್ನು ಮೆಲ್ಲ ಮೆಲ್ಲ ಇಳಿಸುವುದು. ಒಂದು ದಿನ ಮಧ್ಯಾಹ್ನ ಹಾಗೆ ಇಳಿಸುತ್ತಿದ್ದಾಗ ಎಣ್ಣೆ ಬಿದ್ದ ನೆಲದಲ್ಲಿ ಜ್ಯಾಕ್ ಜಾರಿತು. ಸ್ಪ್ರಿಂಗ್ ಹಾರಿದ್ದು ನಮಗೆ ಕಾಣಲೇ ಇಲ್ಲ. ಮಾಡಿನ ಹಂಚು ಒಡೆದು ಮಳೆಯಂತೆ ಸುರಿದಾಗ ತಲೆ ಎತ್ತಿ ನೋಡಿದರೆ ಆಕಾಶ ಕಾಣುತ್ತಿತ್ತು. ಸ್ಪ್ರಿಂಗ್ ಹಿತ್ತಿಲಿನ ಬಸಳೆ ಚಪ್ಪರದಲ್ಲಿ ಸಿಕ್ಕಿತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಪೊರ್ಬುಗಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಎಲ್ಲರನ್ನೂ ಚಹಾಕ್ಕೆ ಕರೆದುಕೊಂಡು ಹೋದರು. ಮರುದಿನವೇ ಲೇತಿನವನ ಹತ್ತಿರ ಹೋಗಿ, ಉದ್ದದ ದಪ್ಪ ಬೋಲ್ಟೊಂದಕ್ಕೆ ತುದಿಯಿಂದ ತುದಿಗೆ ಮರೆ, ಎಂದರೆ ತಿರುಪಿನ ಎಳೆ, ಹಾಕಿಸಿ, ಎರಡು ಉಕ್ಕಿನ ತಟ್ಟೆ ಮಾಡಿಸಿ ತಂದರು. ಸ್ಪ್ರಿಂಗಿನ ನಡುವೆ ಬೋಲ್ಟು ತೂರಿಸಿ, ಮೇಲೂ ಕೆಳಗೂ ತಟ್ಟೆ ಕೊಟ್ಟು, ನಟ್ಟು ಬಿಗಿದರೆ ಸುರುಳಿ ಅಲ್ಲೇ ಸೆರೆ. ಆಮೇಲೆ ನಟ್ಟು ಸಡಿಲಿಸುತ್ತಾ ಹೋದರೆ ಅದು ಹದವಾಗಿ ಹಿಗ್ಗಿ ಸಾಧುವಾಗುತ್ತದೆ. ಎಂಬತ್ತರ ದಶಕದಲ್ಲಿ ಚಿಕ್ಕ ಕಾರುಗಳು ಬಂದ ಮೇಲೆ ಪೇಟೆಯಲ್ಲೇ ಇದಕ್ಕೆ ತಯಾರಿ ಸಾಮಾನು ಸಿಗತೊಡಗಿತು. ಅದಕ್ಕೂ ಮೊದಲು ನಮ್ಮ ಜೀವ ಕಾಯ್ದದ್ದು ಆ ಲೇತಿನ ಬೋಲ್ಟು.

ಇನ್ನು ಹಸನಬ್ಬನವರ ವಿಷಯ.

ಅವರೂ ಕಾಪುವಿನವರೇ, ಬ್ಯಾರಿ ಮನೆತನದವರು. ಕಾರ್ಕಳದ ಧರ್ಮಪಾಲ ಹೆಗ್ಡೆಯವರ ಮನೆಯಲ್ಲಿ ಡ್ರೈವರಾಗಿ ಬಹುಕಾಲದಿಂದ ಇದ್ದರು. ಹೆಗ್ಡೆಯವರಿಗೆ ಅಕ್ಕಿ ಮಿಲ್ಲು ಇತ್ತು. ದೊಡ್ಡ ಆಳು, ಎತ್ತರಕ್ಕೆ ತಕ್ಕ ಗಾತ್ರ. ಮುಂದಿನ ಸೀಟಿನಲ್ಲಿ ಡ್ರೈವರಿನ ಎಡಕ್ಕೆ ಕೂತುಕೊಳ್ಳುವುದು ಅವರ ಅಭ್ಯಾಸ. ಅವರು ಕೂತರೆ ಯಾವ ಕಾರಾದರೂ ಎಡಕ್ಕೆ ಬಾಗದೆ ಇರುತ್ತದೆಯೇ ಎಂದು ನಾವು ಹಿಂದಿನಿಂದ ತಮಾಷೆ ಮಾಡುತ್ತಿದ್ದೆವು. ಅವರ ಪದ್ಮಿನಿ ಸೆಕೆಂಡ್‌ಹ್ಯಾಂಡ್. ಮೊದಲು ಕಾಪುವಿನ ಕಡಲ ಬದಿಯ ಮನೆಯೊಂದರ ಅಂಗಳದಲ್ಲಿ ವರ್ಷಗಟ್ಟಲೆ ಉಪ್ಪುಗಾಳಿಗೆ ನಿಂತಿದ್ದ ಕಾರು ಅದು.

ಆ ಕಾರು ಒಂದು ಮಳೆಗಾಲ ಕಳೆದ ಮೇಲೆ ತೊಂದರೆ ಕೊಡಲು ಶುರುಮಾಡಿತು. ತಿರುವಿನಲ್ಲಿ ಮುಂದಿನಿಂದ ಠಣ್ ಎಂಬ ಸದ್ದು, ಕೂಡಲೇ ಸ್ಟಿಯರಿಂಗ್ ಎಡಕ್ಕೆ ಎಳೆಯುವುದು. ಕಾರ್ಕಳದಲ್ಲಿ ಒಬ್ಬರು ಶಾಕ್ ಅಬ್ಸಾರ್ಬರ್ ಬದಲಿಸಿದರು. ನಮ್ಮಲ್ಲಿಗೆ ತಂದಾಗ ನಾವು ಜ್ಯಾಕ್ ಏರಿಸಿ, ಚಕ್ರ ಅಲುಗಿಸಿ, ರಬ್ಬರ್ ಬುಶ್‌ಗಳನ್ನೆಲ್ಲ ಹೊಸತು ಹಾಕಿದೆವು. ಪೊರ್ಬುಗಳೇ ಓಡಿಸಿ ನೋಡಿದರು. ಸದ್ದಿಲ್ಲ. ಹಸನಬ್ಬನವರು ಓಡಿಸಿದರೂ ಸದ್ದಿಲ್ಲ. ಕಾರು ಕಾರ್ಕಳಕ್ಕೆ ಹೋಯಿತು. ಸರಿಯಾಯಿತು ಎಂದೇ ನಾವು ಭಾವಿಸಿದ್ದೆವು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಹಸನಬ್ಬನವರು ಕಾರಿಲ್ಲದೆ ಬಸ್ಸಿನಲ್ಲಿ ಬಂದರು. ಒಳಗೆ ಬರಲಿಲ್ಲ. ತೆಂಗಿನಮರದ ಬುಡದಲ್ಲಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋದಾಗ ಮೊದಲು ಊರಿನ ಸುದ್ದಿ ಕೇಳಿದರು. ಆಮೇಲೆ, ಪೊರ್ಬುಗಳನ್ನು ಒಂದು ಮಾತು ಕೇಳಲಿಕ್ಕಿತ್ತು ಎಂದರು. ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಹಿರಿಯಡ್ಕದ ಹತ್ತಿರದ ತಿರುವಿನಲ್ಲಿ ಕಾರು ಮತ್ತೆ ಎಡಕ್ಕೆ ಎಳೆದು, ಮೋರಿಯ ಅಂಚಿನಲ್ಲಿ ನಿಂತಿತ್ತು. ಹೆಗ್ಡೆಯವರ ಮಗಳು ಚೊಚ್ಚಲ ಬಸುರಿ, ತಾಯಿಮನೆಗೆ ಬಂದಿದ್ದಳು. ತಿಂಗಳು ತುಂಬುತ್ತಾ ಬಂದಿತ್ತು. ಅವಳನ್ನು ಮಣಿಪಾಲದ ಆಸ್ಪತ್ರೆಗೆ ಆಗಾಗ ಕರೆತರಬೇಕು. ಆ ದಿನ ಅವಳು ಕಾರಿನಲ್ಲಿರಲಿಲ್ಲ ಎಂಬುದೊಂದೇ ಪುಣ್ಯ. ಹೆಗ್ಡೆಯವರು ಸಿಟ್ಟಾಗಲಿಲ್ಲವಂತೆ. ಸಂಜೆ ಕರೆದು, ನಿನಗೂ ವಯಸ್ಸಾಯಿತು, ಕಣ್ಣು ಸಾಲದೋ ಏನೋ, ಇನ್ನು ಮಿಲ್ಲಿನಲ್ಲೇ ಏನಾದರೂ ನೋಡಿಕೊಂಡಿರು, ಕಾರಿಗೆ ಬೇರೆಯವನನ್ನು ಮಾಡುತ್ತೇನೆ ಎಂದು ಸಮಾಧಾನದಿಂದಲೇ ಹೇಳಿದ್ದರು. ಆ ಸಮಾಧಾನವೇ ಹಸನಬ್ಬನವರನ್ನು ಕೊಂದಿತ್ತು.

ಅವರು ಪೊರ್ಬುಗಳ ಎದುರು ನಿಂತು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಪೊರ್ಬುಗಳೇ, ನೀವು ಸತ್ಯ ಹೇಳಬೇಕು. ನಾನೊಬ್ಬನೇ ಓಡಿಸುವಾಗ ಎಂತದೂ ಇಲ್ಲ. ಧಣಿ ಹತ್ತಿರ ಕೂತರೆ ಮಾತ್ರ ಕೈ ತಪ್ತದೆ. ಕೆಟ್ಟದ್ದು ಕಾರಾ, ನಾನಾ?"

ಪೊರ್ಬುಗಳ ಕೈಯಲ್ಲಿ ಕಾರ್ಬುರೇಟರು ಇತ್ತು. ಅದನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, ಧಣಿ ಹಿಂದಿನ ಸೀಟಿನಲ್ಲಿ ಕೂತರೆ ಹೇಗೆ ಎಂದು ಕೇಳಿದರು. ಹಸನಬ್ಬನವರು ಯೋಚಿಸಿ, ಹಿಂದೆ ಕೂತದ್ದು ಅಪರೂಪ, ಕೂತಾಗ ಹೀಗೆ ಆದದ್ದು ನೆನಪಿಲ್ಲ ಎಂದರು. ಮುಂದೆ ಎಡಕ್ಕೆ ಬೇರೆ ಯಾರಾದರೂ ಕೂತರೆ? ತೆಳ್ಳಗಿನವರು ಕೂತರೆ ಇಲ್ಲ. ಒಮ್ಮೆ ಹೆಗ್ಡೆಯವರ ಭಾವ, ಅವರೂ ಗಾತ್ರದ ಆಳು, ಕೂತಿದ್ದಾಗ ಪರ್ಕಳದ ಇಳಿಜಾರಿನಲ್ಲಿ ಸದ್ದು ಬಂದಿತ್ತು.

ಪೊರ್ಬುಗಳು ನನ್ನ ಕಡೆ ತಿರುಗಿ, "ನಾವು ಖಾಲಿ ಕಾರನ್ನು ನೋಡಿದ್ದು ಮಾರಾಯ," ಎಂದರು.

ಆಗ ನನಗೂ ಹೊಳೆಯಿತು. ನಾವು ಜ್ಯಾಕ್ ಏರಿಸಿದಾಗ ಚಕ್ರ ಜೋತು ಬೀಳುತ್ತದೆ, ಸ್ಪ್ರಿಂಗಿನ ಮೇಲೆ ಭಾರವೇ ಇರುವುದಿಲ್ಲ. ಸುರುಳಿ ಎಲ್ಲಾದರೂ ತುಂಡಾಗಿದ್ದರೂ ಆ ಹೊತ್ತಿಗೆ ಎರಡು ತುದಿಗಳೂ ಒಂದಕ್ಕೊಂದು ಸರಿಯಾಗಿ ಕೂತು, ಮೇಲೆ ಕೆಸರೂ ಗ್ರೀಸೂ ಮೆತ್ತಿ, ಇಡೀ ಇದ್ದಂತೆಯೇ ಕಾಣುತ್ತದೆ. ಆ ಬದಿಗೆ ಹೆಚ್ಚಿನ ಭಾರ ಬಿದ್ದಾಗ ಮಾತ್ರ ಜಾರುತ್ತದೆ. ಜಾರಿದ ಕ್ಷಣ ಕಾರಿನ ಎಡಭಾಗ ಕುಸಿದು ಸ್ಟಿಯರಿಂಗನ್ನು ಎಳೆಯುತ್ತದೆ.

ಹಾಗಾದರೆ ಕಾರು ತಂದು ಮುಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟು ನೋಡುವ ಎಂದೆ ನಾನು. ಪೊರ್ಬುಗಳು ತಲೆಯಾಡಿಸಲಿಲ್ಲ.

"ಅಕ್ಕಿ ಮೂಟೆ ಇಟ್ಟರೂ ಗೊತ್ತಾಗ್ತದೆ. ಆದರೆ ಅಕ್ಕಿ ಮೂಟೆ ಹಸನಬ್ಬನ ಕೆಲಸ ಉಳಿಸುವುದಿಲ್ಲ. ಹೆಗ್ಡೆಯವರೇ ಬರಬೇಕು."

ಅವರೇ ಫೋನು ಇದ್ದ ಅಂಗಡಿಗೆ ಹೋಗಿ ಕಾರ್ಕಳಕ್ಕೆ ಟ್ರಂಕ್ ಕಾಲ್ ಹಾಕಿಸಿದರು. ಏನು ಹೇಳಿದರೋ ಗೊತ್ತಿಲ್ಲ. ಎರಡು ದಿನ ಬಿಟ್ಟು ಹೆಗ್ಡೆಯವರು ಬಂದರು. ಕಾರು ಓಡಿಸಿದ್ದು ಹಸನಬ್ಬನವರೇ. ಪೊರ್ಬುಗಳು ಹೇಳಿಕೊಟ್ಟಿದ್ದಂತೆ ಹೆಗ್ಡೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮೆಲ್ಲಗೆ ತಂದಿದ್ದರು.

ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದೆವು. ಜ್ಯಾಕ್ ಇಲ್ಲ, ನಾಲ್ಕೂ ಚಕ್ರ ನೆಲದ ಮೇಲೆ. ನಾನು ಟಾರ್ಚು ಹಿಡಿದು ಗುಂಡಿಗೆ ಇಳಿದೆ. ಎಡಗಡೆಯ ಸ್ಪ್ರಿಂಗ್ ಕೂರುವ ಬಟ್ಟಲನ್ನು ತಂತಿಬ್ರಷ್ಷಿನಿಂದ ಉಜ್ಜಿ ಕೆಸರು ತೆಗೆದೆ. ಕೊನೆಯ ಸುತ್ತಿನ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ. ಅದು ಬಿರುಕೋ, ಬರೇ ಗೀರೋ ಹೇಳುವಂತಿರಲಿಲ್ಲ. ಮೇಲೆ ಪೊರ್ಬುಗಳು ಬಹಳ ಮರ್ಯಾದೆಯಿಂದ, ಧಣಿಗಳು ಸ್ವಲ್ಪ ಮುಂದಿನ ಸೀಟಿಗೆ ಬಂದರೆ ಒಳ್ಳೆಯದಿತ್ತು ಎಂದು ಕೇಳಿಕೊಳ್ಳುವುದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದು. ಕಾರು ಬಾಗಿತು. ಏನೂ ಆಗಲಿಲ್ಲ. ಪೊರ್ಬುಗಳು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಎಡಗಡೆಯ ಮಡ್‌ಗಾರ್ಡನ್ನು ಒಮ್ಮೆ ಜೋರಾಗಿ ಅದುಮಿದರು.

ಠಣ್.

ನನ್ನ ಕಣ್ಣೆದುರೇ ಆ ಗೆರೆ ಬಾಯಿ ಬಿಟ್ಟಿತು. ಮೇಲಿನ ತುಂಡು ಕೆಳಗಿನ ತುಂಡನ್ನು ಏರಿ ಪಕ್ಕಕ್ಕೆ ಜಾರಿತು. ಒಳಗಿನ ಮುರಿದ ಮುಖದಲ್ಲಿ ಅರ್ಧ ಹಳೆಯ ತುಕ್ಕು, ಅರ್ಧ ಹೊಸ ಬೆಳ್ಳಿ ಹೊಳಪು. ಟಾರ್ಚನ್ನು ಸ್ವಲ್ಪ ಆಚೆ ತಿರುಗಿಸಿದೆ. ಟೈರಿನ ಒಳಮೈಯಲ್ಲಿ ಉಗುರಿನಿಂದ ಗೀರಿದಂತಹ ಗಾಯ. ಮುರಿದ ತುದಿ ಅಲ್ಲಿಯವರೆಗೆ ಹೋಗಿ ಬಂದಿತ್ತು. ಇನ್ನೂ ಸ್ವಲ್ಪ ಆಳಕ್ಕೆ ಹೋಗಿದ್ದರೆ ಓಡುತ್ತಿರುವಾಗಲೇ ಟೈರು ಸೀಳುತ್ತಿತ್ತು.

ಮುರಿದಿದೆ ಎಂದು ನಾನು ಕೆಳಗಿನಿಂದ ಹೇಳಿದೆ. ಆಮೇಲೆ ಹೆಗ್ಡೆಯವರು ಕಾರಿನಿಂದ ಇಳಿದರು; ತನಗೂ ನೋಡಬೇಕು ಎಂದರು. ಬಿಳಿ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಗುಂಡಿಯ ಮೆಟ್ಟಿಲು ಇಳಿದು ನನ್ನ ಪಕ್ಕಕ್ಕೆ ಬಂದು ನಿಂತರು. ಗುಂಡಿಯಲ್ಲಿ ಇಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ಈಗ ಅವರ ಭಾರಕ್ಕೆ ಬದಲು ಯಾರು? ಮುಂದಿನ ಸೀಟಿನಲ್ಲಿ ಪೊರ್ಬುಗಳೂ ಹಸನಬ್ಬನವರೂ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತು ಕುಲುಕಿದರು. ಸ್ಪ್ರಿಂಗ್ ಮತ್ತೊಮ್ಮೆ ಬಾಯಿ ಬಿಟ್ಟು ತೋರಿಸಿತು. ಹೆಗ್ಡೆಯವರು ಬೆರಳು ಚಾಚಿ ಟೈರಿನ ಗಾಯವನ್ನು ಮುಟ್ಟಿ ನೋಡಿದರು. ಅವರ ಉಸಿರು ನನಗೆ ಕೇಳುತ್ತಿತ್ತು. ಮಗಳ ನೆನಪಾಗಿರಬೇಕು.

ಮೇಲೆ ಬಂದಾಗ ಅವರ ಭುಜಕ್ಕೆ ಗ್ರೀಸು ಮೆತ್ತಿತ್ತು. ಹಸನಬ್ಬನವರು ಓಡಿ ಬಂದು ಬಟ್ಟೆ ಕೊಟ್ಟರು. ಹೆಗ್ಡೆಯವರು ಒರೆಸಿಕೊಳ್ಳಲಿಲ್ಲ.

"ಹಸನಬ್ಬ, ಇಂತಹ ಕಾರನ್ನು ಇಷ್ಟು ದಿನ ರಸ್ತೆಯ ಮೇಲೆ ಹೇಗೆ ಇಟ್ಟುಕೊಂಡೆ ನೀನು?" ಎಂದರು. ಆಮೇಲೆ, "ಬೇರೆಯವನಾದರೆ ನಾವು ಮೋರಿಯಲ್ಲಿ ಇರುತ್ತಿದ್ದೆವು," ಎಂದರು.

ಹಸನಬ್ಬನವರು ಬದಿಯಲ್ಲಿದ್ದ ಹಳೆಯ ಟೈರಿನ ಮೇಲೆ ಕೂತರು, ಕೈಯಲ್ಲಿದ್ದ ಬಟ್ಟೆಯಿಂದಲೇ ಮುಖ ಒರೆಸಿಕೊಂಡರು. ಗ್ರೀಸಿನ ಬಟ್ಟೆ ಅದು, ಮುಖವೆಲ್ಲ ಕಪ್ಪಾಯಿತು. ಅದನ್ನು ನೋಡಿ ಮೊದಲು ನಕ್ಕವರು ಪೊರ್ಬುಗಳು. ಆಮೇಲೆ ಹೆಗ್ಡೆಯವರು. ಕೊನೆಗೆ ಹಸನಬ್ಬನವರಿಗೂ ನಗು ಬಂತು. ಅಷ್ಟು ದಿನ ಹಿಡಿದಿಟ್ಟ ಉಸಿರೆಲ್ಲ ಅದರ ಜೊತೆ ಹೊರಗೆ ಹೋದಂತಿತ್ತು.

ಸದ್ಯಕ್ಕೆ ಏನಾದರೂ ಕಟ್ಟಿಕೊಟ್ಟರೆ ಕಾರ್ಕಳದವರೆಗೆ ಹೋಗಬಹುದೇ ಎಂದು ಹೆಗ್ಡೆಯವರು ಕೇಳಿದರು. ಪೊರ್ಬುಗಳು ಕೀಲಿಕೈಯನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡು, ಧಣಿಗಳಿಗೆ ಟ್ಯಾಕ್ಸಿ ತರಿಸಿಕೊಡುತ್ತೇನೆ ಎಂದರು. ನಾನು ಮಂಗಳೂರಿಗೆ ಬಸ್ಸು ಹಿಡಿದೆ. ಒಂದು ಅಂಗಡಿಯಲ್ಲಿ ಎಡಗಡೆಯ ಒಂದೇ ಸ್ಪ್ರಿಂಗ್ ಇತ್ತು. ಮುರಿದದ್ದು ಒಂದೇ ಅಲ್ಲವೇ, ಸಾಕು ಎಂದ ಅಂಗಡಿಯವನು. ಆದರೆ ಒಂದು ಹಳೆಯದು ಒಂದು ಹೊಸದು ಹಾಕಿದರೆ ಕಾರು ಒಂದು ಬದಿಗೆ ತಲೆ ಎತ್ತಿಕೊಂಡೇ ಇರುತ್ತದೆ. ಬ್ರೇಕು ಹಿಡಿದಾಗ ಮತ್ತೆ ಎಳೆಯುತ್ತದೆ. ಜೋಡಿಯಾಗಿಯೇ ಬದಲಿಸಬೇಕು. ನೀವೂ ಇದನ್ನು ಮರೆಯಬೇಡಿ. ಬಂದರು ರಸ್ತೆಯವರೆಗೆ ಅಲೆದು ಜೋಡಿ ಹಿಡಿದು, ಗೋಣಿಯಲ್ಲಿ ಸುತ್ತಿ ಬಸ್ಸಿನ ಸೀಟಿನ ಅಡಿಯಲ್ಲಿ ಇಟ್ಟುಕೊಂಡು ಬಂದೆ.

ಬಿಚ್ಚುವ ಕೆಲಸ ಸುಲಭವಾಗಲಿಲ್ಲ. ಇಡೀ ಸ್ಪ್ರಿಂಗ್ ಆದರೆ ತಟ್ಟೆ ಸಮನಾಗಿ ಕೂರುತ್ತದೆ. ಇದು ಮುರಿದದ್ದು. ನಟ್ಟು ಬಿಗಿಯುತ್ತಾ ಹೋದಂತೆ ತಟ್ಟೆ ಓರೆಯಾಗಿ, ಬೋಲ್ಟು ಕಿರ್‍ರೆಂದು ನರಳತೊಡಗಿತು. ಪೊರ್ಬುಗಳು ಸ್ಪ್ಯಾನರು ಬಿಟ್ಟು ಹಿಂದೆ ಸರಿದರು. ಲಾರಿಗೆ ಕಟ್ಟುವ ಸರಪಳಿ ತರಿಸಿ ಸುರುಳಿಯನ್ನು ಕಾರಿನ ಚಾಸಿಗೆ ಎರಡು ಸುತ್ತು ಬಿಗಿದರು. ಹಸನಬ್ಬನವರಿಗೆ ತೆಂಗಿನಮರದ ಹಿಂದೆ ನಿಲ್ಲಲು ಹೇಳಿದರು. ಆಮೇಲೆ ನಾವಿಬ್ಬರೂ ಸುರುಳಿಯ ಎದುರಿಗೆ ಬಾರದಂತೆ ಬದಿಯಲ್ಲಿ ಮಲಗಿ, ಒಂದೊಂದೇ ಎಳೆ ಮರೆ ಸಡಿಲಿಸಿದೆವು. ಕೆಳಗಿನ ತುಂಡು ಒಮ್ಮೆ ಸಿಡಿದು ಸರಪಳಿಗೆ ಬಡಿಯಿತು. ಸರಪಳಿ ತಡೆಯಿತು. ಇನ್ನಷ್ಟು ಸಡಿಲಿಸಿದ ಮೇಲೆ ಸುರುಳಿ ಬಲವೆಲ್ಲ ಕಳೆದುಕೊಂಡು, ತನ್ನಷ್ಟಕ್ಕೆ ವಾಲಿ ಗುಂಡಿಗೆ ಬಿತ್ತು. ಪೊರ್ಬುಗಳು ನೆಲದ ಮೇಲೆ ಅಂಗಾತ ಮಲಗಿ ಮಾಡಿನ ಹಂಚು ನೋಡುತ್ತಾ, ಒಂದೂ ಒಡೆಯಲಿಲ್ಲ ಎಂದರು. ಹೊಸದನ್ನು ಕೂರಿಸುವುದು ಅದರ ಮುಂದೆ ಮಕ್ಕಳಾಟ. ಗಾಯವಾದ ಟೈರನ್ನೂ ಬದಲಿಸಿದೆವು. ಬಲಗಡೆಯ ಹಳೆಯ ಸ್ಪ್ರಿಂಗನ್ನು ತೊಳೆದು ನೋಡಿದರೆ ಅದರಲ್ಲೂ ತುಕ್ಕು ಕಚ್ಚಿದ ಚುಕ್ಕೆಗಳು. ಜೋಡಿ ತಂದದ್ದು ಒಳ್ಳೆಯದಾಯಿತು.

ಮುಂದೆ ಹೆಗ್ಡೆಯವರ ಮಗಳನ್ನು ಹೆರಿಗೆಗೆ ಮಣಿಪಾಲಕ್ಕೆ ಕರೆತಂದದ್ದೂ, ತಾಯಿಮಗುವನ್ನು ಸುಖವಾಗಿ ಮನೆ ಮುಟ್ಟಿಸಿದ್ದೂ ಹಸನಬ್ಬನವರೇ. ಹೊಸ ಡ್ರೈವರಿನ ಮಾತು ಮತ್ತೆ ಬರಲಿಲ್ಲ. ಆದರೆ ನನಗೆ ಹೆಚ್ಚು ನೆನಪಿರುವುದು ಕಾರು ತಯಾರಾದ ದಿನದ ಪ್ರಯಾಣ.

ಕಾರು ಕೊಂಡುಹೋಗಲು ಹೆಗ್ಡೆಯವರು ಬಂದಿದ್ದರು. ಪೊರ್ಬುಗಳು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾರ್ಕಳದವರೆಗೆ ಕಿವಿ ಕೊಟ್ಟು ಕೇಳಿಕೊಂಡು ಹೋಗು, ಬಸ್ಸಿನಲ್ಲಿ ಬಾ ಎಂದರು. ಹೆಗ್ಡೆಯವರು ಯಥಾಪ್ರಕಾರ ಮುಂದೆ ಎಡಕ್ಕೆ. ಕಾರು ಹೊರಟಾಗ ಹಸನಬ್ಬನವರ ಕುತ್ತಿಗೆ ಮರದ ಹಾಗೆ ಬಿಗಿದಿತ್ತು. ಮಣಿಪಾಲದ ಏರು ಹತ್ತಿದೆವು. ಸದ್ದಿಲ್ಲ. ಪರ್ಕಳದ ಇಳಿಜಾರಿನಲ್ಲಿ ಬ್ರೇಕು ಹಿಡಿದರು. ಕಾರು ಗೆರೆ ಎಳೆದಂತೆ ನೇರ ಇಳಿಯಿತು. ಪೆರ್ಡೂರಿನ ಕಡೆಯಿಂದ ಬಂದ ಬಸ್ಸೊಂದಕ್ಕೆ ಮಣ್ಣಿಗೆ ಇಳಿದು ದಾರಿ ಬಿಟ್ಟರು. ಹೊಂಡ ಹಾರಿದರೂ ಮೆತ್ತಗೆ ಒಮ್ಮೆ ತಲೆದೂಗಿದ್ದು ಬಿಟ್ಟರೆ ಮತ್ತೇನಿಲ್ಲ. ಹಿರಿಯಡ್ಕದ ಆ ತಿರುವು ಬಂತು. ಹಸನಬ್ಬನವರು ಗೇರು ಇಳಿಸಿದರು. ನಾನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ. ತಿರುವು ದಾಟಿತು. ಮೋರಿ ಹಿಂದೆ ಉಳಿಯಿತು.

ಆಗ ಹೆಗ್ಡೆಯವರು ಏನಾದರೂ ಹೇಳಬಹುದು ಎಂದು ಕಾದೆ. ಹಸನಬ್ಬನವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಗಲ್ಲದಿಂದ ಎಡಕ್ಕೆ ಸನ್ನೆ ಮಾಡಿದರು. ಹೆಗ್ಡೆಯವರ ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ದೆ.

ಬೈಲೂರಿನಲ್ಲಿ ರಸ್ತೆಗೆ ಅಡ್ಡ ದನಗಳ ಒಂದು ಹಿಂಡು ನಿಂತಿತ್ತು. ಹಸನಬ್ಬನವರು ಕಾರು ನಿಲ್ಲಿಸಿ, ಅವು ತಾವಾಗಿಯೇ ಸರಿಯುವವರೆಗೆ ಕಾದರು. ಕಾರ್ಕಳದ ಪೇಟೆ ಮುಟ್ಟುವವರೆಗೂ ಅವರು ಹಾರ್ನಿಗೆ ಕೈ ಹಾಕಲಿಲ್ಲ.